ಬೀಳಲೆಂದೇ ಕಟ್ಟಿದ ಗೋಡೆ

ಪರದೆ ಸರಿದಾಗ ರಂಗದ ಮೇಲೆ ಒಂದು ಹೆಣ ಬಿದ್ದಿದೆ. ಅದು ಸಿರಿವಂತರ ಬಂಗಲೆಯ ದಿವಾನಖಾನೆ. ಸೋಫಾ, ಟೆಲಿಫೋನು, ರೇಡಿಯೋ, ತೋಟದ ಕಡೆಗೆ ತೆರೆಯುವ ಗಾಜಿನ ಬಾಗಿಲು ಎಲ್ಲವೂ ಇವೆ. ಮನೆಗೆಲಸದ ಹೆಂಗಸು ಬರುತ್ತಾಳೆ, ಧೂಳು ಒರೆಸುತ್ತ ಕೋಣೆಯೆಲ್ಲ ಓಡಾಡುತ್ತಾಳೆ, ಹೆಣ ಮಾತ್ರ ಅವಳ ಕಣ್ಣಿಗೆ ಬೀಳುವುದಿಲ್ಲ. ಅವಳು ರೇಡಿಯೋ ತಿರುಗಿಸಿದ ಕ್ಷಣಕ್ಕೇ ಸರಿಯಾಗಿ ಪೊಲೀಸರ ಪ್ರಕಟಣೆ ಬರುತ್ತದೆ: ಅಪಾಯಕಾರಿ ಮನುಷ್ಯನೊಬ್ಬ ಈ ಸುತ್ತಲಲ್ಲೇ ಅಲೆಯುತ್ತಿದ್ದಾನೆ. ಪ್ರಕಟಣೆ ಮುಗಿದದ್ದೇ ರೇಡಿಯೋ ಬಂದ್. ಟೆಲಿಫೋನು ಬಡಿದುಕೊಂಡರೆ ಅವಳು ಬರೀ ಹಲೋ ಅಂದು ನಿಲ್ಲಿಸುವವಳಲ್ಲ. ಇದು ಯಾರ ಬಂಗಲೆ, ಇದು ಯಾವ ಕೋಣೆ, ಈಗ ಯಾವ ಋತು, ಹೊತ್ತು ಎಷ್ಟಾಯಿತು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತಾಳೆ.

ಟಾಮ್ ಸ್ಟಾಪರ್ಡ್ ಬರೆದ ‘ದಿ ರಿಯಲ್ ಇನ್‌ಸ್ಪೆಕ್ಟರ್ ಹೌಂಡ್’ ಶುರುವಾಗುವುದು ಹೀಗೆ. 1968ರ ಜೂನ್‌ನಲ್ಲಿ ಲಂಡನ್ನಿನ ಕ್ರೈಟೀರಿಯನ್ ಥಿಯೇಟರಿನಲ್ಲಿ ಮೊದಲ ಪ್ರಯೋಗ ಕಂಡ ಈ ನಾಟಕ ಹೆಚ್ಚುಕಡಿಮೆ ಒಂದು ಗಂಟೆಯದು. ಹುಟ್ಟಿದ್ದು ದೊಡ್ಡ ರಂಗಮಂದಿರದಲ್ಲಾದರೂ ಅದನ್ನು ಮತ್ತೆ ಮತ್ತೆ ಎತ್ತಿಕೊಂಡು ಆಡುತ್ತ ಬಂದವರು ಕಾಲೇಜಿನ ಹುಡುಗರು, ಹವ್ಯಾಸಿ ತಂಡಗಳವರು, ಊರ ಮಧ್ಯದ ಪುಟ್ಟ ಸಭಾಂಗಣದಲ್ಲಿ ವರ್ಷಕ್ಕೆ ಎರಡು ಮೂರು ನಾಟಕ ಆಡುವ ಮಂದಿ. ಪತ್ತೇದಾರಿ ನಾಟಕದ ಅಣಕಕ್ಕೂ ಇಂಥ ಸಣ್ಣ ವೇದಿಕೆಗೂ ಬಹಳ ಹಳೆಯ ನಂಟಿದೆ. ಆ ನಂಟು ಹೇಗೆ ಬೆಳೆಯಿತು, ನೋಡುವವರಿಗೆ ಸಲೀಸಾಗಿ ಕಾಣುವ ಈ ನಗೆ ಆಡುವವರಿಗೆ ಯಾಕೆ ಅಷ್ಟು ಕಷ್ಟ ಎಂಬುದನ್ನು ಇವತ್ತು ಬಿಡಿಸಿ ನೋಡೋಣ.

ಮೊದಲು ಆ ಕೆಲಸದವಳ ಟೆಲಿಫೋನು. ನಮ್ಮ ದೊಡ್ಡಾಟದಲ್ಲಿ ರಾಜ ರಂಗಕ್ಕೆ ಬಂದು ನಿಂತರೆ ಸಾರಥಿ ಎದುರಾಗಿ, ತಾವು ಯಾರು, ಯಾವ ಪಟ್ಟಣದವರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ಯಕ್ಷಗಾನದಲ್ಲಿ ಭಾಗವತರೇ ವೇಷಧಾರಿಯನ್ನು ಮಾತಿಗೆಳೆಯುತ್ತಾರೆ. ಕತೆಯ ಪೂರ್ವಾಪರ ಹೀಗೆ ರಾಜಾರೋಷವಾಗಿ ಬಂದರೆ ನಮಗೆ ಏನೂ ಅನ್ನಿಸುವುದಿಲ್ಲ, ಅದು ಆಟದ ಕ್ರಮ. ಇಂಗ್ಲಿಷಿನ ದಿವಾನಖಾನೆ ನಾಟಕಕ್ಕೆ ಆ ಸ್ವಾತಂತ್ರ್ಯ ಇರಲಿಲ್ಲ. ಅಲ್ಲಿ ರಂಗದ ಮೇಲಿರುವುದು ನಿಜವಾದ ಮನೆ, ಮುಂದಿನ ಗೋಡೆಯನ್ನಷ್ಟೇ ತೆಗೆದಿದ್ದಾರೆ ಎಂದು ನಂಬಿಸಬೇಕು. ಹಾಗಿರುವಾಗ ಯಾರು ಯಾರಿಗೆ ಏನಾಗಬೇಕು ಎಂದು ನೇರವಾಗಿ ಹೇಳುವಂತಿಲ್ಲ. ಅದನ್ನು ಆಳುಗಳ ಹರಟೆಯಲ್ಲಿ, ಟೆಲಿಫೋನಿನ ಮಾತಿನಲ್ಲಿ, ರೇಡಿಯೋ ಸುದ್ದಿಯಲ್ಲಿ ಬಚ್ಚಿಟ್ಟು ತರಬೇಕಾಯಿತು. ಹತ್ತಾರು ವರ್ಷ ಇದನ್ನೇ ನೋಡಿ ನೋಡಿ ಪ್ರೇಕ್ಷಕರಿಗೆ ಬಚ್ಚಿಡುವ ಜಾಗಗಳೆಲ್ಲ ಗೊತ್ತಾಗಿ ಹೋದವು. ಸ್ಟಾಪರ್ಡ್ ಆ ಬಚ್ಚಿಡುವಿಕೆಯನ್ನೇ ಕೈಬಿಟ್ಟರು. ಅವರ ಕೆಲಸದವಳು ದೊಡ್ಡಾಟದ ಸಾರಥಿಯಷ್ಟೇ ಬಿಚ್ಚುಮಾತಿನವಳು, ಆದರೆ ಅವಳು ನಿಂತಿರುವುದು ಬಿಚ್ಚುಮಾತನ್ನು ನಿಷೇಧಿಸಿದ ಮನೆಯಲ್ಲಿ. ನಗು ಹುಟ್ಟುವುದು ಆ ಜಾಗದಲ್ಲಿ.

ಅಣಕ ನಾಟುವುದಕ್ಕೆ ಅಸಲು ಎಲ್ಲರಿಗೂ ಬಾಯಿಪಾಠವಾಗಿರಬೇಕು. ಇಂಗ್ಲೆಂಡಿನಲ್ಲಿ ಕೊಲೆಯ ನಾಟಕ ಜನರಿಗೆ ಅಷ್ಟು ಬಾಯಿಪಾಠ ಆದದ್ದರಲ್ಲಿ ಹವ್ಯಾಸಿಗಳ ಪಾಲು ದೊಡ್ಡದು. ಅಲ್ಲಿನ ಹಳ್ಳಿಯ ಹಾಲ್ ಹೇಗಿರುತ್ತದೆ ನೋಡಿ. ಒಂದೇ ಕಟ್ಟಡದಲ್ಲಿ ಮದುವೆ ಊಟ, ಊರ ಸಭೆ, ಮಕ್ಕಳ ನೃತ್ಯದ ತರಗತಿ ಎಲ್ಲ ನಡೆಯುತ್ತವೆ. ಒಂದು ತುದಿಯಲ್ಲಿ ಎತ್ತರದ ವೇದಿಕೆ, ಎರಡು ವಿಂಗು, ಹಿಂದೆ ಒಂದು ಇಕ್ಕಟ್ಟಾದ ಕೋಣೆ. ನಾಟಕದ ದಿನ ಮಡಿಸಿಟ್ಟ ಕುರ್ಚಿಗಳನ್ನು ಬಿಡಿಸಿ ಸಾಲಾಗಿ ಹಾಕುತ್ತಾರೆ, ಮಧ್ಯಂತರದಲ್ಲಿ ಚಹಾ ಕೊಡುತ್ತಾರೆ. ಸ್ವಂತ ರಂಗಮಂದಿರ ಕಟ್ಟಿಕೊಂಡ ಹವ್ಯಾಸಿ ತಂಡಗಳೂ ಇವೆ. ನ್ಯೂಕ್ಯಾಸಲ್ಲಿನ ಪೀಪಲ್ಸ್ ಥಿಯೇಟರ್ 1911ರದು, ಲಂಡನ್ ಪಶ್ಚಿಮದ ಈಲಿಂಗಿನ ಕ್ವೆಸ್ಟರ್ಸ್ 1929ರದು. ಇಂಥವರೆಲ್ಲ ಸೇರಿ 1946ರಲ್ಲಿ ಲಿಟಲ್ ಥಿಯೇಟರ್ ಗಿಲ್ಡ್ ಎಂಬ ಒಕ್ಕೂಟ ಮಾಡಿಕೊಂಡರು. ಬೆಂಗಳೂರಿನಲ್ಲಿ 1960ರಲ್ಲಿ ಶುರುವಾದ ‘ಬೆಂಗಳೂರು ಲಿಟಲ್ ಥಿಯೇಟರ್’ ಹೆಸರಿನಲ್ಲಿರುವ ‘ಲಿಟಲ್’ ಕೂಡ ಇದೇ ಪರಂಪರೆಯ ಪದ.

ಇಂಥ ತಂಡಕ್ಕೆ ಕೊಲೆಯ ನಾಟಕ ಹೇಳಿ ಮಾಡಿಸಿದ ಹಾಗೆ ಹೊಂದುತ್ತದೆ. ಇಡೀ ಕತೆಗೆ ಒಂದೇ ಕೋಣೆ ಸಾಕು. ಹೊರಗೆ ಹಿಮ ಬಿದ್ದು ದಾರಿ ಮುಚ್ಚಿದೆ, ಟೆಲಿಫೋನ್ ತಂತಿ ಕಡಿದಿದೆ, ಆದ್ದರಿಂದ ಯಾರೂ ಹೊರಗೆ ಹೋಗುವ ಹಾಗಿಲ್ಲ. ಕತೆಯ ದೃಷ್ಟಿಯಿಂದ ಇದು ಕೊಲೆಗಾರನನ್ನು ಒಳಗೇ ಕೂಡಿಹಾಕುವ ಉಪಾಯ. ತಂಡದ ದೃಷ್ಟಿಯಿಂದ ಎರಡನೇ ಸೆಟ್ಟಿನ ಖರ್ಚು ಉಳಿಸುವ ದಾರಿ. ಉಡುಪು ಮನೆಯ ಬೀರುಗಳಲ್ಲೇ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಪತ್ತೇದಾರಿ ನಾಟಕದಲ್ಲಿ ಬಂದವರೆಲ್ಲರ ಮೇಲೂ ಅನುಮಾನ ಬರಬೇಕು. ಅನುಮಾನ ಬರಬೇಕಾದರೆ ಪ್ರತಿಯೊಬ್ಬನಿಗೂ ಒಂದು ಗುಟ್ಟು, ಒಂದು ಜಗಳ, ಒಬ್ಬಂಟಿಯಾಗಿ ನಿಲ್ಲುವ ಒಂದು ಘಳಿಗೆ ಕೊಡಬೇಕು. ಹಗಲಿಡೀ ದುಡಿದು ಸಂಜೆ ಸಂಬಳವಿಲ್ಲದೆ ತಾಲೀಮಿಗೆ ಬರುವ ಎಂಟು ಹತ್ತು ಜನರ ತಂಡದಲ್ಲಿ ಪಾತ್ರಗಳು ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುವುದು ಎಷ್ಟು ದೊಡ್ಡ ವಿಷಯ ಎಂಬುದು ತಂಡ ನಡೆಸಿದವರಿಗೆ ಗೊತ್ತು. ಒಬ್ಬನೇ ನಾಯಕ, ಉಳಿದವರೆಲ್ಲ ಈಟಿ ಹಿಡಿದು ನಿಲ್ಲುವವರು ಎಂಬಂಥ ನಾಟಕಕ್ಕೆ ಜನ ಕೂಡಿಸುವುದು ಕಷ್ಟ. ನಿವೃತ್ತ ಮೇಜರ್, ವಿಧವೆ, ವೈದ್ಯ, ಹೊಸದಾಗಿ ಮದುವೆಯಾದ ಜೋಡಿ, ಅಡುಗೆಯವಳು ಅಂದರೆ ಇಪ್ಪತ್ತರಿಂದ ಎಪ್ಪತ್ತರವರೆಗಿನ ಎಲ್ಲ ವಯಸ್ಸಿಗೂ ಜಾಗ ಸಿಕ್ಕಿತು.

ಸ್ಯಾಮ್ಯುಯಲ್ ಫ್ರೆಂಚ್ ಸಂಸ್ಥೆ ಇಂಥ ತಂಡಗಳಿಗೆಂದೇ ಅಚ್ಚುಹಾಕುತ್ತ ಬಂದ ನಾಟಕದ ಪ್ರತಿಗಳನ್ನು ಒಮ್ಮೆ ನೋಡಬೇಕು. ಕೊನೆಯ ಪುಟಗಳಲ್ಲಿ ಸಾಮಾನಿನ ಪಟ್ಟಿ ಇರುತ್ತದೆ. ಯಾವ ಮೇಜಿನ ಮೇಲೆ ಯಾವ ಗ್ಲಾಸು, ಯಾರ ಜೇಬಿನಲ್ಲಿ ಯಾವ ಕಾಗದ, ದೀಪ ಯಾವ ಮಾತಿಗೆ ಆರಬೇಕು, ಗುಂಡಿನ ಸದ್ದು ಯಾವ ಮಾತಿಗೆ ಬರಬೇಕು, ಎಲ್ಲ ಬರೆದಿರುತ್ತದೆ. ಗುರುವಿಲ್ಲದ ಊರಿನಲ್ಲೂ ಅದನ್ನು ಹಿಡಿದು ನಾಟಕ ಕಟ್ಟಬಹುದಿತ್ತು. ಆ ಪ್ರತಿಗಳ ಬಗ್ಗೆ ನನಗೆ ತುಂಬ ಗೌರವ. ಅವುಗಳಿಂದಾಗಿಯೇ ಒಂದೇ ಬಗೆಯ ಸೋಫಾ, ಒಂದೇ ಬಗೆಯ ಗಾಜಿನ ಬಾಗಿಲು, ಒಂದೇ ಬಗೆಯ ಕತ್ತಿ ಊರೂರಿಗೂ ಹೋದವು.

ನಿಯಮಗಳೂ ಲಿಖಿತವಾಗಿಯೇ ಇದ್ದವು. ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಈ ಬಗೆಯ ಕತೆಗಳಿಗೆ ಹತ್ತು ಕಟ್ಟಳೆ ಹಾಕಿಕೊಟ್ಟರು. ರಹಸ್ಯ ದಾರಿ ಒಂದಕ್ಕಿಂತ ಹೆಚ್ಚು ಇರಕೂಡದು, ಪತ್ತೇದಾರನೇ ಕೊಲೆಗಾರ ಆಗಕೂಡದು, ಪತ್ತೇದಾರನ ಗೆಳೆಯ ಓದುಗನಿಗಿಂತ ಒಂದು ಚೂರು ಮಾತ್ರ ಮಂದಬುದ್ಧಿಯವನಾಗಿರಬೇಕು. ಮುಂದಿನ ವರ್ಷ ಲಂಡನ್ನಿನಲ್ಲಿ ಲೇಖಕರ ‘ಡಿಟೆಕ್ಷನ್ ಕ್ಲಬ್’ ಹುಟ್ಟಿತು, ಅಗಾಥಾ ಕ್ರಿಸ್ಟಿ, ಡೊರೊಥಿ ಸೇಯರ್ಸ್ ಅದರ ಸದಸ್ಯರು. ಇಷ್ಟು ಕಟ್ಟುನಿಟ್ಟಾದ ಇನ್ನೊಂದು ಜನಪ್ರಿಯ ಪ್ರಕಾರ ಸಿಗುವುದು ಕಷ್ಟ. ಗೆರೆ ಸ್ಪಷ್ಟವಾಗಿ ಎಳೆದಿದ್ದರೆ ಅದನ್ನು ದಾಟಿದ್ದು ಕೊನೆಯ ಸಾಲಿನ ಕುರ್ಚಿಗೂ ಕಾಣುತ್ತದೆ.

ಸ್ಟಾಪರ್ಡ್ ಗುರಿಯಿಟ್ಟದ್ದು ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ ನಾಟಕಕ್ಕೆ. 1952ರ ನವೆಂಬರ್‌ನಲ್ಲಿ ಲಂಡನ್ನಿನ ಆಂಬಾಸಡರ್ಸ್ ಥಿಯೇಟರಿನಲ್ಲಿ ಶುರುವಾದ ಅದು 1974ರಲ್ಲಿ ಪಕ್ಕದ ಸೇಂಟ್ ಮಾರ್ಟಿನ್ಸ್‌ಗೆ ಹೋಯಿತು, 2012ರಲ್ಲಿ 25,000ನೇ ಪ್ರದರ್ಶನ ಕಂಡಿತು, 2020ರ ಮಾರ್ಚಿನಲ್ಲಿ ಕೊರೊನಾ ಬಂದು ನಿಲ್ಲಿಸುವವರೆಗೆ ಎಡೆಬಿಡದೆ ನಡೆಯಿತು. ಮರುವರ್ಷ ಮತ್ತೆ ಶುರುವಾಯಿತು. ನಾಟಕ ಮುಗಿದ ಮೇಲೆ ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುವುದು ಅಲ್ಲಿನ ವಾಡಿಕೆ. ಆ ನಾಟಕದಲ್ಲಿ ಹಿಮದಿಂದ ಮುಚ್ಚಿಹೋದ ವಸತಿಗೃಹಕ್ಕೆ ಪೊಲೀಸ್ ಸಾರ್ಜೆಂಟ್ ಕಾಲಿಗೆ ಸ್ಕೀ ಕಟ್ಟಿಕೊಂಡು ಜಾರುತ್ತ ಬರುತ್ತಾನೆ. ಸ್ಟಾಪರ್ಡ್ ತಮ್ಮ ಬಂಗಲೆಯ ಸುತ್ತ ಹಿಮದ ಬದಲು ಜೌಗು ಹಬ್ಬಿಸಿದರು. ಹಾಗಾಗಿ ಇನ್‌ಸ್ಪೆಕ್ಟರ್ ಹೌಂಡ್ ಗಾಳಿ ತುಂಬಿದ ಎರಡು ದೊಡ್ಡ ತೆಪ್ಪಗಳನ್ನು ಬೂಟಿನಂತೆ ಕಾಲಿಗೆ ಕಟ್ಟಿಕೊಂಡು, ಮಂಜಿನಲ್ಲಿ ಹಡಗಿನವರು ಊದುವ ಕೊಂಬು ಹಿಡಿದು ಒಳಗೆ ಬರುತ್ತಾನೆ. ಸ್ಕೀಯ ಮೇಲೆ ಬಂದ ಸಾರ್ಜೆಂಟನನ್ನು ನೋಡಿ ನಾವು ಗಂಭೀರವಾಗಿಯೇ ಒಪ್ಪಿಕೊಂಡಿದ್ದೆವು. ತೆಪ್ಪದ ಬೂಟು ಕಂಡಾಗ ಆ ಒಪ್ಪಿಗೆ ನೆನಪಾಗುತ್ತದೆ, ನಗು ಬರುತ್ತದೆ.

ಆದರೆ ಈ ನಾಟಕ ಅಲ್ಲಿಗೇ ನಿಲ್ಲುವುದಿಲ್ಲ, ಅದಕ್ಕಾಗಿಯೇ ನಾನು ಇದನ್ನು ಈ ಪ್ರಕಾರದ ಶಿಖರ ಎನ್ನುತ್ತೇನೆ. ರಂಗದ ಮೇಲೆ ನಾಟಕ ವಿಮರ್ಶಕರಿಬ್ಬರು ಕೂತಿದ್ದಾರೆ, ಮೂನ್ ಮತ್ತು ಬರ್ಡ್‌ಬೂಟ್. ಮೂನ್ ಪತ್ರಿಕೆಯ ಎರಡನೇ ದರ್ಜೆಯ ವಿಮರ್ಶಕ. ಮೊದಲ ದರ್ಜೆಯ ಹಿಗ್ಸ್ ಇಲ್ಲದ ದಿನ ಮಾತ್ರ ಅವನಿಗೆ ಅವಕಾಶ. ಬರ್ಡ್‌ಬೂಟಿಗೆ ನಾಟಕಕ್ಕಿಂತ ನಟಿಯರ ಮೇಲೆ ಕಣ್ಣು. ಇಬ್ಬರೂ ಚಾಕೊಲೇಟ್ ತಿನ್ನುತ್ತ, ತಮ್ಮ ತಮ್ಮ ಸಂಕಟ ತೋಡಿಕೊಳ್ಳುತ್ತ, ನಡುನಡುವೆ ವಿಮರ್ಶೆಯ ಭಾರದ ಮಾತುಗಳನ್ನು ಉದುರಿಸುತ್ತ ಕೂತಿರುತ್ತಾರೆ. ಅಂಕದ ನಡುವೆ ಖಾಲಿ ರಂಗದಲ್ಲಿ ಟೆಲಿಫೋನು ಒಂದೇ ಸಮನೆ ಬಡಿದುಕೊಳ್ಳುತ್ತದೆ. ತಾಳಲಾರದೆ ಮೂನ್ ಎದ್ದು ಹೋಗಿ ಎತ್ತುತ್ತಾನೆ. ಕರೆ ಬಂದಿರುವುದು ಬರ್ಡ್‌ಬೂಟನ ಹೆಂಡತಿಯಿಂದ. ಬರ್ಡ್‌ಬೂಟ್ ರಂಗಕ್ಕೆ ಹೋಗಿ ಮಾತಾಡಿ ರಿಸೀವರ್ ಇಡುವಷ್ಟರಲ್ಲಿ ನಾಟಕ ಮತ್ತೆ ಮೊದಲಿನಿಂದ ಶುರುವಾಗಿಬಿಡುತ್ತದೆ. ಅವನು ಈಗ ಒಳಗಿನವನು, ಪಾತ್ರಗಳು ಆಡುವ ಅದೇ ಹಳೆಯ ಮಾತುಗಳು ಈ ಸಲ ಅವನ ನಿಜವಾದ ಬದುಕಿಗೆ ಹೊಂದಿಕೊಳ್ಳುತ್ತವೆ. ಮುಂದೆ ಆ ಹೆಣದ ಗುರುತು ಸಿಕ್ಕಾಗ ನಗು ಗಂಟಲಲ್ಲೇ ನಿಲ್ಲುತ್ತದೆ. ಹೆಣ ಯಾರದೆಂದು ನಾನು ಹೇಳುವುದಿಲ್ಲ. ನಾಟಕ ಓದಿರದವರ ಪಾಲಿನ ಸುಖವನ್ನು ಕಸಿಯುವ ಹಕ್ಕು ಅಂಕಣಕಾರನಿಗಿಲ್ಲ.

ಸ್ಟಾಪರ್ಡ್ ಸ್ವತಃ ಬ್ರಿಸ್ಟಲ್ಲಿನ ಪತ್ರಿಕೆಗಳಲ್ಲಿ ವರದಿಗಾರರಾಗಿದ್ದವರು, ಲಂಡನ್ನಿನ ಒಂದು ನಿಯತಕಾಲಿಕೆಗೆ ನಾಟಕ ವಿಮರ್ಶೆ ಬರೆದವರು. ಚೆಕೊಸ್ಲೊವಾಕಿಯಾದಲ್ಲಿ 1937ರಲ್ಲಿ ಹುಟ್ಟಿ, ಯುದ್ಧದ ವರ್ಷಗಳಲ್ಲಿ ತಾಯಿಯೊಂದಿಗೆ ಭಾರತಕ್ಕೆ ಬಂದು ಡಾರ್ಜಿಲಿಂಗಿನ ಶಾಲೆಯಲ್ಲಿ ಓದಿ, 1946ರಲ್ಲಿ ಇಂಗ್ಲೆಂಡಿಗೆ ಹೋದ ಹುಡುಗ ಅವರು. ಇಂಗ್ಲಿಷ್ ಬಂಗಲೆಯ ರೀತಿನೀತಿಗಳನ್ನು ಹೊರಗಿನಿಂದ ಬಂದು ಕಲಿತವನ ಕಣ್ಣು ಆ ನಾಟಕದಲ್ಲಿದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಮನೆಯವರಿಗೆ ಸಹಜವಾದದ್ದು ಅತಿಥಿಗೆ ವಿಚಿತ್ರವಾಗಿ ಕಂಡೇ ಕಾಣುತ್ತದೆ.

ಅಣಕ ಎಂದರೆ ಅಸಲಿನ ಮೇಲೆ ಹಗೆ ಎಂದು ತಿಳಿಯುವವರಿದ್ದಾರೆ. ಪತ್ತೇದಾರಿ ರಂಗಭೂಮಿಯ ಚರಿತ್ರೆ ಹಾಗೆ ಹೇಳುವುದಿಲ್ಲ. ಷರ್ಲಾಕ್ ಹೋಮ್ಸ್ ರಂಗವೇರಿದ್ದೇ ಅಣಕವಾಗಿ. 1893ರ ನವೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ‘ಅಂಡರ್ ದಿ ಕ್ಲಾಕ್’ ಎಂಬ ಪುಟ್ಟ ನಾಟಕದಲ್ಲಿ ಚಾರ್ಲ್ಸ್ ಬ್ರೂಕ್‌ಫೀಲ್ಡ್ ಮತ್ತು ಸೀಮೋರ್ ಹಿಕ್ಸ್ ಹೋಮ್ಸ್ ವಾಟ್ಸನ್ನರನ್ನು ತಮಾಷೆ ಮಾಡಿದರು. ಗಂಭೀರವಾದ ಹೋಮ್ಸ್ ನಾಟಕವನ್ನು ಅಮೆರಿಕದ ನಟ ವಿಲಿಯಂ ಜಿಲೆಟ್ ತಂದದ್ದು 1899ರಲ್ಲಿ. ಅದೇ ಜಿಲೆಟ್ 1905ರಲ್ಲಿ ತನ್ನ ಹೋಮ್ಸನನ್ನೇ ಅಣಕಿಸುವ ಕಿರುನಾಟಕ ಬರೆದು ತಾನೇ ಆಡಿದ. ಅದರಲ್ಲಿ ಕಷ್ಟ ಹೇಳಿಕೊಳ್ಳಲು ಬಂದ ಹೆಂಗಸು ಉಸಿರು ಬಿಡದೆ ಮಾತಾಡುತ್ತಲೇ ಇರುತ್ತಾಳೆ, ಜಗತ್ತಿನ ಅತಿ ಚತುರ ಪತ್ತೇದಾರನಿಗೆ ಇಡೀ ನಾಟಕದಲ್ಲಿ ಒಂದೇ ಒಂದು ಮಾತಿಗೂ ಎಡೆ ಸಿಗುವುದಿಲ್ಲ. ಲಂಡನ್ನಿನ ಪ್ರಯೋಗದಲ್ಲಿ ಬಿಲ್ಲಿ ಎಂಬ ಆಳುಹುಡುಗನ ಪಾತ್ರ ಮಾಡಿದವನಿಗೆ ಆಗ 16 ವರ್ಷ, ಅವನ ಹೆಸರು ಚಾರ್ಲಿ ಚಾಪ್ಲಿನ್. ಮಾತಿಲ್ಲದೆ ಎದುರಿಗೆ ಕೂತು ಕೇಳುವ ಮುಖವೇ ಎಷ್ಟು ನಗಿಸಬಲ್ಲದು ಎಂಬುದನ್ನು ಆ ಹುಡುಗ ಅಲ್ಲಿ ದಿನವೂ ಹತ್ತಿರದಿಂದ ನೋಡಿರಬೇಕು.

ಈಗಿನ ಸಣ್ಣ ತಂಡಗಳಿಗೆ ಪ್ರಿಯವಾದ ಅಣಕಗಳು ಬಹುಮಟ್ಟಿಗೆ ಲೆಕ್ಕದ ಆಟಗಳು: ಪಾತ್ರ ಹಲವು, ನಟರು ಕೆಲವರು. ಜಾನ್ ಬುಕಾನರ ಕಾದಂಬರಿ, ಹಿಚ್‌ಕಾಕ್‌ರ 1935ರ ಸಿನಿಮಾ ಎರಡನ್ನೂ ಹಿಡಿದು ಪ್ಯಾಟ್ರಿಕ್ ಬಾರ್ಲೊ ಕಟ್ಟಿದ ‘ದಿ 39 ಸ್ಟೆಪ್ಸ್’ 2005ರಲ್ಲಿ ಲೀಡ್ಸ್‌ನಲ್ಲಿ ಶುರುವಾಯಿತು. ಅದರಲ್ಲಿ ನಾಲ್ಕೇ ನಟರು ನೂರಕ್ಕೂ ಹೆಚ್ಚು ಪಾತ್ರ ಮಾಡುತ್ತಾರೆ. ಹೌಂಡ್ ಆಡಿದ್ದ ಅದೇ ಕ್ರೈಟೀರಿಯನ್‌ನಲ್ಲಿ ಅದು 2006ರಿಂದ 2015ರವರೆಗೆ ನಡೆಯಿತು. ಸ್ಟೀವನ್ ಕ್ಯಾನಿ ಮತ್ತು ಜಾನ್ ನಿಕಲ್ಸನ್ ‘ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಕತೆಯನ್ನು ಮೂರೇ ಜನರಿಗೆ ಇಳಿಸಿದರು. ಮಧ್ಯಂತರದ ನಂತರ, ಹೋಮ್ಸ್ ಪಾತ್ರ ತೀರ ನಿಧಾನ ಎಂದು ಪ್ರೇಕ್ಷಕರೊಬ್ಬರು ದೂರಿದ್ದಾರೆ ಎಂಬ ನೆಪದಲ್ಲಿ, ಮೂವರೂ ಸೇರಿ ಮೊದಲರ್ಧವನ್ನು ಪೂರ್ತಿ ಮತ್ತೆ ಶರವೇಗದಲ್ಲಿ ಆಡಿ ತೋರಿಸುತ್ತಾರೆ. ಅಮೆರಿಕದ ಕೆನ್ ಲುಡ್ವಿಗ್ ಅದೇ ಕತೆಯನ್ನು 2015ರಲ್ಲಿ ಐವರಿಗೆ ಬರೆದುಕೊಟ್ಟರು.

ಇದರ ಕಷ್ಟ ವಿಂಗಿನಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ಎಡದ ಬಾಗಿಲಿನಿಂದ ಹೊರಟ ಮುದುಕ ಹತ್ತು ಸೆಕೆಂಡಿನಲ್ಲಿ ಬಲದ ಬಾಗಿಲಿನಿಂದ ಪೊಲೀಸನಾಗಿ ಬರಬೇಕು. ಗುಂಡಿ ಹಾಕಲು ಹೊತ್ತಿಲ್ಲ, ಕೋಟಿನ ಗುಂಡಿಗಳೆಲ್ಲ ಹೊರಗೆ ತೋರಿಕೆಗೆ, ಒಳಗೆ ವೆಲ್ಕ್ರೋ ಪಟ್ಟಿ. ಟೋಪಿ ಎಲ್ಲಿ ತೂಗಿರುತ್ತದೆ, ಯಾರ ಕೈ ಅದನ್ನು ನೀಡುತ್ತದೆ, ಕತ್ತಲಲ್ಲಿ ಯಾವ ಕಾಲು ಮೊದಲು ಎಂಬುದೆಲ್ಲ ಮಾತಿನಷ್ಟೇ ಬಾಯಿಪಾಠವಾಗಬೇಕು. ಹಿಂದೆ ನಿಂತು ಕೋಟು ಹಿಡಿಯುವ ಇಬ್ಬರು ನಾಟಕದ ಅರ್ಧ ನಟರೇ. ಪ್ರೇಕ್ಷಕರಿಗೆ ಅವರ ಮುಖ ಕಾಣುವುದಿಲ್ಲ. ನನ್ನ ಕೇಳಿದರೆ ಕೊನೆಯ ನಮಸ್ಕಾರಕ್ಕೆ ಅವರನ್ನೇ ಮೊದಲು ಕರೆಯಬೇಕು.

ಇನ್ನೊಂದು ಕವಲು ಇದಕ್ಕಿಂತ ನೇರವಾಗಿ ಸಣ್ಣ ತಂಡವನ್ನೇ ಕತೆಗೆ ತಂದಿತು. ಡೇವಿಡ್ ಮೆಕ್‌ಗಿಲಿವ್ರೆ ಮತ್ತು ವಾಲ್ಟರ್ ಝರ್ಲಿನ್ ಜೂನಿಯರ್ 1970ರ ದಶಕದಲ್ಲಿ ಫಾರ್ನ್‌ಡೇಲ್ ಅವೆನ್ಯೂ ಎಂಬ ಕಾಲ್ಪನಿಕ ಬಡಾವಣೆಯ ಮಹಿಳಾ ಮಂಡಳಿಯ ನಾಟಕ ತಂಡವೊಂದನ್ನು ಸೃಷ್ಟಿಸಿ ನಾಟಕಗಳ ಸರಣಿಯನ್ನೇ ಬರೆದರು. ಅದರಲ್ಲೊಂದು ಕೊಲೆಯ ನಾಟಕ: ಮಂಡಳಿಯ ಹೆಂಗಸರು ‘ಮರ್ಡರ್ ಅಟ್ ಚೆಕ್‌ಮೇಟ್ ಮ್ಯಾನರ್’ ಆಡಲು ಹೊರಡುತ್ತಾರೆ, ಆಗಬಾರದ್ದೆಲ್ಲ ಆಗುತ್ತದೆ. ಈ ಸರಣಿಯನ್ನು ನಿಜವಾದ ಹವ್ಯಾಸಿ ತಂಡಗಳು ಪ್ರೀತಿಯಿಂದ ಆಡಿಕೊಂಡು ಬಂದಿವೆ. ಚೆನ್ನಾಗಿ ಆಡಬಲ್ಲ ಹವ್ಯಾಸಿಗಳು, ಚೆನ್ನಾಗಿ ಆಡಲಾಗದ ಹವ್ಯಾಸಿಗಳ ಪಾತ್ರ ಮಾಡಿ, ಆ ಪಾತ್ರಗಳು ಮಾಡುವ ಮೇಜರನನ್ನೋ ಇನ್‌ಸ್ಪೆಕ್ಟರನನ್ನೋ ತೋರಿಸಬೇಕು. ಮೂರು ಪದರ, ಮೂರೂ ಒಟ್ಟಿಗೆ ಕಾಣಬೇಕು.

ಆ ಕವಲಿನ ಇವತ್ತಿನ ದೊಡ್ಡ ಹೆಸರು ‘ದಿ ಪ್ಲೇ ದಟ್ ಗೋಸ್ ರಾಂಗ್’. ಲಂಡನ್ನಿನ ನಾಟಕ ಶಾಲೆ ಲಾಮ್ಡಾದಲ್ಲಿ ಕಲಿತ ಗೆಳೆಯರು 2008ರಲ್ಲಿ ಮಿಸ್ಚಿಫ್ ತಂಡ ಕಟ್ಟಿದರು. ಅವರಲ್ಲಿ ಹೆನ್ರಿ ಲೂಯಿಸ್, ಜೊನಾಥನ್ ಸೇಯರ್, ಹೆನ್ರಿ ಶೀಲ್ಡ್ಸ್ ಮೂವರು ಸೇರಿ ಬರೆದ ಈ ನಾಟಕ 2012ರ ಕೊನೆಯಲ್ಲಿ ಇಸ್ಲಿಂಗ್ಟನ್ನಿನ ಓಲ್ಡ್ ರೆಡ್ ಲಯನ್ ಎಂಬ ಪಬ್ಬಿನ ಮೇಲಂತಸ್ತಿನ ಪುಟ್ಟ ರಂಗದಲ್ಲಿ ಮೊದಲು ಪ್ರದರ್ಶನಗೊಂಡಿತು. 2014ರಲ್ಲಿ ಡಚೆಸ್ ಥಿಯೇಟರಿಗೆ ಏರಿತು, ಮರುವರ್ಷ ಹೊಸ ಹಾಸ್ಯ ನಾಟಕಕ್ಕೆ ಕೊಡುವ ಒಲಿವಿಯರ್ ಪ್ರಶಸ್ತಿ ಪಡೆಯಿತು, 2017ರಲ್ಲಿ ಬ್ರಾಡ್‌ವೇಗೆ ಹೋಯಿತು. ಕತೆ ಇಷ್ಟು: ಕಾರ್ನ್‌ಲಿ ಎಂಬ ಊರಿನ ಪಾಲಿಟೆಕ್ನಿಕ್ಕಿನ ನಾಟಕ ಸಂಘ 1920ರ ದಶಕದ ಕೊಲೆಯ ನಾಟಕವೊಂದನ್ನು ಆಡುತ್ತಿದೆ. ನಿರ್ದೇಶಕನೇ ಇನ್‌ಸ್ಪೆಕ್ಟರ್. ಬಾಗಿಲು ತೆರೆಯಬೇಕಾದಾಗ ತೆರೆಯುವುದಿಲ್ಲ, ತೆರೆಯಬಾರದಾಗ ತೆರೆದು ನಾಯಕಿಯ ತಲೆಗೆ ಬಡಿದು ಅವಳು ಮೂರ್ಛೆ ಹೋಗುತ್ತಾಳೆ. ರಂಗದ ಹಿಂದೆ ಕೆಲಸ ಮಾಡುತ್ತಿದ್ದ ಹುಡುಗಿ ಪುಸ್ತಕ ಹಿಡಿದು ನಡುಗುತ್ತ ಆ ಪಾತ್ರಕ್ಕೆ ಬರುತ್ತಾಳೆ. ಕ್ರಮೇಣ ಪಾತ್ರದ ರುಚಿ ಹತ್ತಿ, ನಾಯಕಿಗೆ ಎಚ್ಚರವಾದಾಗ ಬಿಟ್ಟುಕೊಡಲು ಒಪ್ಪುವುದೇ ಇಲ್ಲ.

ಅದರಲ್ಲಿ ಒಂದು ಪ್ರಸಂಗವನ್ನು ರಂಗಾಸಕ್ತರು ಪಾಠದಂತೆ ನೋಡಬೇಕು. ಬಟ್ಲರನ ಪಾತ್ರಧಾರಿ ಒಂದು ಕಡೆ ತಪ್ಪು ಮಾತು ಹೇಳುತ್ತಾನೆ. ಅದು ಹಿಂದಿನ ಪುಟದ ಮಾತು. ಎದುರಿಗಿದ್ದವನು ಅಭ್ಯಾಸಬಲದಿಂದ ಅದಕ್ಕೆ ತಕ್ಕ ಮಾತನ್ನೇ ಹೇಳುತ್ತಾನೆ, ದೃಶ್ಯ ಹಿಂದಕ್ಕೆ ಸರಿದು ಸುತ್ತತೊಡಗುತ್ತದೆ. ಪ್ರತಿ ಸುತ್ತಿನಲ್ಲೂ ವಿಸ್ಕಿ ಕುಡಿಯುವ ಘಟ್ಟ ಬರುತ್ತದೆ, ವಿಸ್ಕಿಯ ಬಾಟಲಿಯಲ್ಲಿರುವುದು ಬಣ್ಣ ತೊಳೆಯುವ ದ್ರವ. ಮತ್ತೆ ಕುಡಿಯಬೇಕು ಎಂಬುದು ಎಲ್ಲರಿಗೂ ಗೊತ್ತು, ಹೊರಬರುವ ಮಾತು ಮಾತ್ರ ನೆನಪಾಗುತ್ತಿಲ್ಲ. ಪ್ರೇಕ್ಷಕರು ಉಸಿರು ಸಿಕ್ಕಿಹಾಕಿಕೊಳ್ಳುವಂತೆ ನಗುವುದಕ್ಕೆ ಕಾರಣ ಆ ನಟರು ನಿಲ್ಲಿಸದೇ ಇರುವುದು. ಒಬ್ಬನಾದರೂ ಪಾತ್ರ ಬಿಟ್ಟು ನಕ್ಕರೆ, ಪ್ರೇಕ್ಷಕರತ್ತ ಕಣ್ಣು ಮಿಟುಕಿಸಿದರೆ, ಎಲ್ಲ ಮಣ್ಣುಪಾಲು. ತಮ್ಮ ನಾಟಕ ಉಳಿಯಬೇಕು ಎಂದು ಅವರು ಜೀವ ತೇಯುವುದನ್ನು ಕಂಡು ನಾವು ನಗುತ್ತೇವೆ; ನಗುತ್ತಲೇ ಅವರು ಗೆಲ್ಲಲಿ ಎಂದೂ ಹಾರೈಸುತ್ತೇವೆ.

ಆ ನಾಟಕದ ಸೆಟ್ಟು ಕೊನೆಗೆ ಕುಸಿದು ಬೀಳುತ್ತದೆ. ವಿನ್ಯಾಸಕಾರ ನೈಜೆಲ್ ಹುಕ್ ಅವರಿಗೆ 2017ರ ಟೋನಿ ಪ್ರಶಸ್ತಿ ಬಂದದ್ದು ಇದಕ್ಕೇ. ಸುಮ್ಮನೆ ನಿಂತಿರುವ ಗೋಡೆಗೆ ಹಿಂದಿನಿಂದ ಎರಡು ಆಸರೆ ಕೊಟ್ಟರೆ ಸಾಕು. ದಿನವೂ ಬೀಳಬೇಕಾದ ಗೋಡೆಗೆ ಕೀಲು ಬೇಕು, ಕೊಂಡಿ ಬೇಕು, ಹಗ್ಗ ಎಳೆಯುವ ಮನುಷ್ಯ ಬೇಕು, ನಟ ನಿಲ್ಲುವ ಜಾಗಕ್ಕೆ ನೆಲದ ಮೇಲೆ ಗುರುತು ಬೇಕು. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಸಿನಿಮಾದಲ್ಲಿ ಬಸ್ಟರ್ ಕೀಟನ್ ಮೇಲೆ ಮನೆಯ ಮುಂಗೋಡೆಯೇ ಬೀಳುತ್ತದೆ, ತೆರೆದ ಕಿಟಕಿ ಅವನ ಸುತ್ತ ಹಾದುಹೋಗುತ್ತದೆ, ಅವನು ಅಲ್ಲಾಡದೆ ನಿಂತಿರುತ್ತಾನೆ. ನಿಂತ ಜಾಗ ಕೆಲವೇ ಅಂಗುಲ ತಪ್ಪಿದ್ದರೆ ಪ್ರಾಣ ಹೋಗುತ್ತಿತ್ತು. ರಂಗದ ಮೇಲೆ ಅಂಥದ್ದನ್ನು ವಾರಕ್ಕೆ ಏಳೆಂಟು ಸಲ ಮಾಡುವವರ ಶಿಸ್ತು ಸಾಮಾನ್ಯದ್ದಲ್ಲ.

ತಾನಾಗಿ ಆಗುವ ತಪ್ಪಿಗೂ ಬೇಕೆಂದೇ ಮಾಡುವ ತಪ್ಪಿಗೂ ಇರುವ ವ್ಯತ್ಯಾಸ ನನಗೆ ಅರ್ಥವಾದದ್ದು ಅನುಭವದಿಂದ. ಬಹಳ ವರ್ಷಗಳ ಹಿಂದೆ ನಮ್ಮ ಬಡಾವಣೆಯ ಹುಡುಗರು ಸೇರಿ ಗಣೇಶೋತ್ಸವಕ್ಕೆ ಒಂದು ಪತ್ತೇದಾರಿ ನಾಟಕ ಆಡಿದೆವು. ಟೇಪ್ ರೆಕಾರ್ಡರ್ ನನ್ನ ಕೈಯಲ್ಲಿತ್ತು. ಪತ್ತೇದಾರ ಟೆಲಿಫೋನ್ ಎತ್ತಿ ಹಲೋ ಎಂದ ಮೇಲೆ ನನ್ನ ಗಂಟೆ ಬಡಿಯಿತು. ಜನ ನಕ್ಕರು. ಪಾತ್ರಧಾರಿ ಒಂದು ಕ್ಷಣ ತಡೆದು, ರಿಸೀವರ್ ಕೆಳಗಿಟ್ಟು, ಗಂಟೆ ನಿಲ್ಲುವವರೆಗೆ ಅದನ್ನೇ ನೋಡುತ್ತ ನಿಂತು, ಮತ್ತೆ ಎತ್ತಿ ಅದೇ ಗಾಂಭೀರ್ಯದಿಂದ ಹಲೋ ಎಂದ. ಈ ಸಲ ಬಂದದ್ದು ಚಪ್ಪಾಳೆ. ಮೊದಲ ನಗು ನನ್ನ ತಪ್ಪಿಗೆ ಬಂದದ್ದು, ಎರಡನೆಯದು ಅವನ ಕುಶಲತೆಗೆ ಸಂದದ್ದು. ಮರುದಿನ ಅದನ್ನೇ ಬೇಕೆಂದು ಮಾಡಿ ನೋಡೋಣ ಎಂದು ತಾಲೀಮು ಮಾಡಿದೆವು. ಹತ್ತು ಸಲ ಮಾಡಿದರೂ ಆ ಕ್ಷಣ ಹಿಡಿತಕ್ಕೆ ಸಿಗಲಿಲ್ಲ. ಗಂಟೆ ಅರ್ಧ ಸೆಕೆಂಡು ಬೇಗ ಬಂದರೆ ಬರೀ ಗೊಂದಲ, ಅರ್ಧ ಸೆಕೆಂಡು ತಡವಾದರೆ ಸಪ್ಪೆ.

ಕನ್ನಡದ ತಂಡಗಳು ಈ ಪ್ರಕಾರಕ್ಕೆ ಕೈಹಾಕುವುದಾದರೆ ಬಂಗಲೆ, ಬಟ್ಲರ್, ಹಿಮ ಇವನ್ನು ಹಾಗೆಯೇ ಎತ್ತಿ ತರುವುದರಲ್ಲಿ ನನಗೆ ನಂಬಿಕೆಯಿಲ್ಲ. ಅವು ನಮ್ಮ ಪ್ರೇಕ್ಷಕರಿಗೆ ಬಾಯಿಪಾಠವಾದ ಸಂಗತಿಗಳಲ್ಲ. ನಮಗೆ ನಮ್ಮದೇ ಪತ್ತೇದಾರಿ ಲೋಕವಿದೆ. ನಾಲ್ಕನೇ ತರಗತಿಯವರೆಗಷ್ಟೇ ಓದಿದ ಎನ್. ನರಸಿಂಹಯ್ಯನವರು ಬರೆದ ಐನೂರಕ್ಕೂ ಹೆಚ್ಚು ಕಾದಂಬರಿಗಳಿವೆ, ಅವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಕಪ್ಪು ಕನ್ನಡಕ ಹಾಕಿ ಕೋಟಿನ ಕಾಲರ್ ಎತ್ತಿಕೊಂಡ ಸಿನಿಮಾದ ಸಿಐಡಿ ಇದ್ದಾನೆ, ಎಲ್ಲ ಮುಗಿದ ಮೇಲೆ ಬರುವ ಪೊಲೀಸ್ ಜೀಪ್ ಇದೆ. ಆ ಪುಸ್ತಕಗಳನ್ನು ಪ್ರೀತಿಸಿದವರೇ ಅವುಗಳ ಅಣಕ ಬರೆಯಬೇಕು. ಪ್ರೀತಿಸದವರಿಗೆ ಎಲ್ಲಿ ತಟ್ಟಿದರೆ ಸದ್ದು ಬರುತ್ತದೆ ಎಂಬುದು ತಿಳಿಯುವುದಿಲ್ಲ.

ಅಂಥ ತಂಡವೊಂದು ನನ್ನನ್ನು ತಾಲೀಮಿಗೆ ಕರೆದರೆ ಮಾತು ಹಂಚುವ ಮೊದಲು ನಾನು ಕೇಳುವುದು ಬಾಗಿಲನ್ನು. ನಮ್ಮಲ್ಲಿ ಬಾಗಿಲು ಬರುವುದು ಪ್ರದರ್ಶನದ ಹಿಂದಿನ ದಿನ. ಅಲ್ಲಿಯವರೆಗೆ ಎರಡು ಕುರ್ಚಿ ಇಟ್ಟು ಇದೇ ಬಾಗಿಲು ಅಂದುಕೊಳ್ಳಿ ಎಂದು ನಡೆಸುತ್ತೇವೆ. ಇಲ್ಲಿ ಅದು ನಡೆಯುವುದಿಲ್ಲ. ಒಳ್ಳೆಯ ಚೌಕಟ್ಟು, ಮೂರು ಗಟ್ಟಿ ಕೀಲು, ಕಿರ್ರೆನ್ನದ ಅಗುಳಿ ಇರುವ ನಿಜವಾದ ಬಾಗಿಲೊಂದನ್ನು ಮೊದಲ ದಿನವೇ ತಾಲೀಮಿನ ಕೋಣೆಯಲ್ಲಿ ನಿಲ್ಲಿಸಬೇಕು. ಅದು ಸಲೀಸಾಗಿ ತೆರೆದು ಮುಚ್ಚುವುದನ್ನು ಒಂದು ವಾರ ಎಲ್ಲರೂ ನೋಡಲಿ. ಅದು ಸಿಕ್ಕಿಹಾಕಿಕೊಳ್ಳುವುದನ್ನು ಎರಡನೇ ವಾರ ಕಲಿಸೋಣ.